ಶೇವಂತೆವ್ವ ಹೇಸಿಕೊಂಡ ದಿನ

ಬೆಳಕು ಹರಿಯುವ ಮೊದಲು ಶೇವಂತೆವ್ವ ಗಂಡನ ಕಫದ ಡಬ್ಬಿ ತೊಳೆದಳು. ಬಚ್ಚಲ ಜಾಲರಿಗೆ ಸುತ್ತಿಕೊಂಡಿದ್ದ, ಯಾರದೆಂದು ಹೇಳಲಾಗದ ಕೂದಲಿನ ಉಂಡೆಯನ್ನು ಬೆರಳಿನಿಂದ ಎತ್ತಿ ಕಸಕ್ಕೆ ಹಾಕಿದಳು. ಹಿಂದಿನ ದಿನದ ಒದ್ದೆ ಕಾಲುಚೀಲಗಳನ್ನು, ಗಂಡನವು, ಗಂಡನ ಗೆಳೆಯನವು, ಗಂಡನ ಶಿಷ್ಯನವು, ಒಂದೊಂದಾಗಿ ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ತೂಗುಹಾಕಿದಳು. ಕಾವಿಗೆ ಅವು ಬೆಚ್ಚಗಾಗಿ ನಾತ ಬಿಡತೊಡಗಿದಾಗ ಅವುಗಳ ಕೆಳಗೇ ನಿಂತು ಚಹಾಕ್ಕೆ ಶುಂಠಿ ಜಜ್ಜಿದಳು. ಹಾಲಿನ ಮೇಲೆ ಒಂದು ಕಣ್ಣಿಟ್ಟು ಜೋಳದ ಹಿಟ್ಟು ಸೋಸಿದಳು. ಎಸರು ಕುದಿಸಿ ಹಿಟ್ಟಿಗೆ ಹೊಯ್ದು, ಬೆರಳು ಸುಡುತ್ತಿದ್ದಂತೆಯೇ ನಾದಿ, ಪರಾತದಲ್ಲಿ ರೊಟ್ಟಿ ಬಡಿದಳು. ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ನೀರು ಹಚ್ಚಿ ಹಚ್ಚಿ ಕೂಡಿಸಿದಳು. ಕಡಲೆಹಿಟ್ಟಿನ ಜುಣಕ ಮಾಡಿದಳು. ಶೇಂಗಾ ಹಿಂಡಿಯ ಖಾರದ ಪುಡಿಯನ್ನು ಒಂದು ಡಬ್ಬಿಗೂ ಮೊಸರನ್ನು ಬಿಗಿ ಮುಚ್ಚಳದ ಇನ್ನೊಂದಕ್ಕೂ ತುಂಬಿದಳು. ಥರ್ಮಾಸಿಗೆ ಬಿಸಿನೀರು ಹಾಕಿದಳು. ಗಂಡನ ಬಿ.ಪಿ. ಗುಳಿಗೆ, ತಂಬಾಕಿನ ಚೀಲ, ಸುಣ್ಣದ ಡಬ್ಬಿ, ಮಫ್ಲರು ಎಲ್ಲವನ್ನೂ ಮಂಚದ ತಲೆದೆಸೆಗೆ, ಅವನ ಕೈಗೆ ಸಿಗುವಂತೆ ಇಟ್ಟಳು. ತವರಿನ ಕಡೆ ಇಂಡಿಯಿಂದ ತರಿಸಿ ಕಟ್ಟಿಕೊಂಡು ಬಂದಿದ್ದ ನಿಂಬೆಹಣ್ಣುಗಳಲ್ಲಿ ಇನ್ನೂ ಗಟ್ಟಿಯಾಗಿದ್ದವನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಸ್ಸಿನಲ್ಲಿ ಅವನಿಗೆ ವಾಂತಿ ಬಂದಾಗ ಮೂಗಿಗೆ ಹಿಡಿದದ್ದು ಇವೇ ಹಣ್ಣು. ವಾಂತಿ ಹಿಡಿದದ್ದು ಆಕೆಯ ಟವೆಲ್ಲು.

ಇಷ್ಟಾದ ಮೇಲೆ ಕಿಟಕಿಯ ಗಾಜಿಗೆ ಹತ್ತಿದ್ದ ಮಂಜನ್ನು ಅಂಗೈಯಿಂದ ಒರೆಸಿ ಹೊರಗೆ ನೋಡಿದಳು. ಬೆಟ್ಟ ಕತ್ತಲೆಯಲ್ಲಿತ್ತು. ಇವತ್ತು ಅದರ ತುದಿಗೆ ಹೋಗುವ ದಿನ. ಶೇವಂತೆವ್ವ ಇಷ್ಟು ದೂರ ಬಂದದ್ದು ಅದಕ್ಕೇ.

ಅದು ಹಿಮಾಚಲದ ಒಂದು ಸಣ್ಣ ಹಳ್ಳಿ. ಮೇ ತಿಂಗಳ ಕೊನೆ. ಅವರ ಊರು ಬಸವನ ಬಾಗೇವಾಡಿಯಲ್ಲಿ ಆ ಹೊತ್ತಿಗೆ ಜನ ಮಾಳಿಗೆಯ ಮೇಲೆ ಚಾದರ ತೋಯಿಸಿ ಹೊದ್ದು ಮಲಗಿರುತ್ತಾರೆ. ಇಲ್ಲಿ ಎರಡು ಸ್ವೆಟರ್ ಹಾಕಿಕೊಂಡರೂ ಪಾತ್ರೆ ತೊಳೆಯುವ ಕೈ ಮರಗಟ್ಟುತ್ತಿತ್ತು. ಅವರು ಇಳಿದುಕೊಂಡಿದ್ದ ಮನೆಯ ಒಡೆಯರು ಊಟವನ್ನೂ ಕೊಡುತ್ತಿದ್ದರು. ಆದರೆ ಗಂಡ ಶಂಕರೆಪ್ಪನಿಗೆ ರಾಜ್ಮಾ ಹೊಟ್ಟೆ ಉಬ್ಬಿಸುತ್ತದೆ, ಚಪಾತಿ ಗಂಟಲಲ್ಲಿ ಇಳಿಯುವುದಿಲ್ಲ. ಕಡಕ್ ರೊಟ್ಟಿ ಕಡಿಯಲು ಅವನ ಹಲ್ಲು ಬಿಡುವುದಿಲ್ಲ. ಆದ್ದರಿಂದ ಮೆತ್ತನೆಯ ರೊಟ್ಟಿ ದಿನವೂ ಬೇಕು. ದಿನವೂ ಬೇಕಾದರೆ ಬಡಿಯುವವಳು ಜೊತೆಗೆ ಬರಬೇಕು.

ಶಂಕರೆಪ್ಪ ಬಾಗೇವಾಡಿಯ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಮಾಸ್ತರ. ಕೊರಳಲ್ಲಿ ಯಾವಾಗಲೂ ಒಂದು ಸೀಟಿ. ಮನೆಯಲ್ಲೂ ಅದು ಕೊರಳಲ್ಲೇ ಇರುತ್ತದೆ. ಮಾಳಿಗೆಯ ಮೇಲೆ ಕುಳಿತು ಪೇಪರ್ ಓದುವಾಗ ಚಹಾ ಬೇಕೆನಿಸಿದರೆ ಅವನು ಕೂಗುವುದಿಲ್ಲ, ಸೀಟಿ ಊದುತ್ತಾನೆ. ಮೊದಲ ಸಲ ಊದಿದಾಗ ಅದು ತಮಾಷೆಯಾಗಿತ್ತು, ಶೇವಂತೆವ್ವನೂ ನಕ್ಕಿದ್ದಳು. ಈಗ ಓಣಿಯವರು ಸಹ ಸೀಟಿ ಕೇಳಿದರೆ ಮಾಸ್ತರರಿಗೆ ಚಹಾ ಹೋಯಿತು ಎನ್ನುತ್ತಾರೆ.

ಪ್ರವಾಸದ ಯೋಚನೆ ಅವನ ಗೆಳೆಯ ಸಿದ್ಧರಾಮನದು. ನಾಲತವಾಡದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಸಿದ್ಧರಾಮ ಹೆಂಡತಿಯನ್ನು ಊರಲ್ಲೇ ಬಿಟ್ಟು ಬಂದಿದ್ದ, ಅಂಗಡಿ ನೋಡಿಕೊಳ್ಳಬೇಕಲ್ಲ. ಜೊತೆಗೆ ಮುತ್ತು, ಶಂಕರೆಪ್ಪನ ಹಳೆಯ ಶಿಷ್ಯ, ಈಗ ಸಿಂದಗಿಯಲ್ಲಿ ವಿಜ್ಞಾನದ ಮಾಸ್ತರ. ಮುತ್ತುವಿನ ಹೆಂಡತಿ ಭುವನೇಶ್ವರಿ ಅಲ್ಲಿಯೇ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇವರೆಲ್ಲ ಬೆಟ್ಟ ಹತ್ತಲು ಬಂದವರು. ಶೇವಂತೆವ್ವ ಒಲೆಯ ಮುಂದೆ ಕೂರಲು ಬಂದವಳು ಎಂದು ಎಲ್ಲರೂ ತಿಳಿದಿದ್ದರು, ಶೇವಂತೆವ್ವನ ಹೊರತು.

ಹೊರಡುವ ಮಾತಾದ ದಿನವೇ ಆಕೆ ಒಂದು ಕರಾರು ಹಾಕಿದ್ದಳು.

"ತುದಿತನ ಕರಕೊಂಡು ಹೋಗೂದಾದ್ರ ಬರ್ತೇನಿ. ಇಲ್ಲಾಂದ್ರ ಹೊಟೇಲಿನಾಗ ಉಣ್ರಿ."

ಮೂವತ್ತು ವರ್ಷದಲ್ಲಿ ಆಕೆ ಹಾಕಿದ ಮೊದಲ ಕರಾರು ಅದು. ಶಂಕರೆಪ್ಪ ನಕ್ಕುಬಿಟ್ಟ. ಕುರಿಯವರ ಮಗಳು, ನೀನೇ ನನ್ನನ್ನು ಎಳೆದುಕೊಂಡು ಹೋಗುವವಳು ಎಂದ. ತುದಿಯಲ್ಲಿ ಏನು ನೋಡುತ್ತೀ ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದಳು: "ಇನ್ನ ಮ್ಯಾಲ ಇಲ್ಲ ಅನ್ನೂ ಜಾಗದಾಗ ಒಮ್ಮೆ ನಿಂದರಬೇಕು."

ಅಲ್ಲಿಯವರೆಗೆ ಆಕೆ ಹತ್ತಿದ ಅತಿ ಎತ್ತರದ ಜಾಗವೆಂದರೆ ಮೆಣಸಿನಕಾಯಿ ಒಣಹಾಕುವ ಅವರ ಮಾಳಿಗೆ.

ಶೇವಂತೆವ್ವ ಹುಟ್ಟಿದ್ದು ಇಂಡಿ ತಾಲೂಕಿನ ಒಂದು ಹಟ್ಟಿಯಲ್ಲಿ. ಅಪ್ಪ ಅಮಸಿದ್ದ ಕುರಿ ಕಾಯುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ಮಗಳನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಹಿಂಡಿನ ಹಿಂದೆ ಆಕೆಯೂ ನಡೆದಳು. ಸುಗ್ಗಿ ಮುಗಿದ ಎರೆ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ, ಭೀಮಾ ನದಿಯ ದಂಡೆ ಹಿಡಿದು ಹೋಗುತ್ತ, ಬರುತ್ತ, ಆಕೆಯ ಕಾಲು ನಡಿಗೆಯಲ್ಲೇ ಬೆಳೆದವು. ಮಧ್ಯಾಹ್ನ ಎಲ್ಲಾದರೂ ಒಂದು ಜಾಲಿಗಿಡದ ನೆರಳು ಸಿಕ್ಕರೆ ಅಮಸಿದ್ದ ಅರಿವೆಯ ಗಂಟು ಬಿಚ್ಚಿ ಒಂದು ರೊಟ್ಟಿಯನ್ನು ತನ್ನ ಅಂಗೈ ಮೇಲೆ, ಇನ್ನೊಂದನ್ನು ಮಗಳ ಅಂಗೈ ಮೇಲೆ ಇಡುತ್ತಿದ್ದ. ರೊಟ್ಟಿಯ ಮೇಲೆಯೇ ಹಿಂಡಿ, ಅದರ ಮೇಲೆಯೇ ಜಜ್ಜಿದ ಉಳ್ಳಾಗಡ್ಡಿ. ತಿಂದು ಕೈ ಝಾಡಿಸಿದರೆ ಊಟ ಮುಗಿಯಿತು. ತೊಳೆಯಲು ಏನೂ ಉಳಿಯುತ್ತಿರಲಿಲ್ಲ.

ಮದುವೆಯಾಗಿ ಗಂಡನ ಹಳ್ಳಿ ಮಸೂತಿಗೆ ಬಂದ ದಿನ ಮೊದಲ ಸಲ ತಾಟಿನ ಮುಂದೆ ಕುಳಿತಳು. ಅದು ಬೇರೆಯವರ ತಾಟು. ಶಂಕರೆಪ್ಪ ಉಂಡು ಎದ್ದಿದ್ದ. ತಾಟಿನ ಅಂಚಿಗೆ ಅರ್ಧ ರೊಟ್ಟಿ, ಅವನು ಬೆರಳಿನಿಂದ ಕಲಸಿ ಬಿಟ್ಟ ಒಂದಿಷ್ಟು ಪಲ್ಯ, ಜಗಿದು ಉಗಿದ ಕರಿಬೇವು. ಅತ್ತೆ ಯಲ್ಲವ್ವ ಸೊಸೆಯ ಹೆಗಲು ಹಿಡಿದು ಅದರ ಮುಂದೆ ಕೂರಿಸಿದಳು. ಗಂಡ ಉಂಡ ತಾಟಿನಲ್ಲಿ ಉಂಡರೆ ಮನೆ ತಣ್ಣಗಿರುತ್ತದೆ, ತಾನೂ ಹಾಗೆಯೇ ಉಂಡವಳು ಎಂದಳು. ಶೇವಂತೆವ್ವನಿಗೆ ಹಸಿವಾಗಿತ್ತು. ಕರಿಬೇವನ್ನು ಪಕ್ಕಕ್ಕೆ ಸರಿಸಿ ಉಂಡಳು.

ಆಮೇಲೆ ಅದು ರೂಢಿಯಾಯಿತು. ಹೇಸಿಗೆ ಎಂಬುದು ಆ ಮನೆಯಲ್ಲಿ ಗಂಡಸರ ಸ್ವತ್ತಾಗಿತ್ತು. ಮಗಳು ಪಲ್ಲವಿ ಹುಟ್ಟಿದಾಗ ಅವಳ ಹೊಲಸು ಬಟ್ಟೆ ಕಂಡರೆ ಶಂಕರೆಪ್ಪ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಯಲ್ಲವ್ವ ಹಾಸಿಗೆ ಹಿಡಿದು ಎಲ್ಲವನ್ನೂ ಹಾಸಿಗೆಯಲ್ಲೇ ಮಾಡತೊಡಗಿದಾಗ, ಹೆತ್ತ ಮಗನಿಗೆ ಆ ಕೋಣೆಯ ವಾಸನೆ ತಡೆಯಲಾಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಹೆಂಗದೀಬೇ ಎಂದು ಕೇಳಿ ಹೋಗುತ್ತಿದ್ದ. ಹೆಂಡತಿ ತಿಂಗಳ ಮೂರು ದಿನ ಮುಟ್ಟಿದ ಲೋಟ ಅವನಿಗೆ ಆಗುತ್ತಿರಲಿಲ್ಲ. ಅವನು ಹೇಸಿಕೊಂಡದ್ದನ್ನೆಲ್ಲ ಎತ್ತಿ, ತಿಕ್ಕಿ, ತೊಳೆದು, ಒಣಗಿಸಿದ್ದು ಶೇವಂತೆವ್ವ. ಆಕೆಗೆ ಹೇಸಿಗೆಯಾಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಆಕೆಯೂ ಕೇಳಿಕೊಂಡಿರಲಿಲ್ಲ. ಬಾಗೇವಾಡಿಯಲ್ಲಿ ಸ್ವಂತ ಮನೆ ಕಟ್ಟಿದ ಮೇಲೆ ಕಪಾಟಿನಲ್ಲಿ ಸ್ಟೀಲಿನ ತಾಟುಗಳು ಸಾಲಾಗಿ ನಿಂತವು. ಒಂದೊಂದರ ಮೇಲೂ ಮಷಿನ್ನಿನಿಂದ ಕೊರೆದ ಶಂಕರೆಪ್ಪನ ಹೆಸರು. ಮುದ್ದೇಬಿಹಾಳಕ್ಕೆ ಕೊಟ್ಟ ಪಲ್ಲವಿಯ ಮದುವೆಗೆ ಶೇವಂತೆವ್ವನೇ ಹೋಗಿ ಪಾತ್ರೆ ಆರಿಸಿ ತಂದಿದ್ದಳು. ಅವುಗಳ ಮೇಲೆ ಅಳಿಯನ ಹೆಸರು ಕೊರೆಸಿದ್ದಳು.

ಪ್ರವಾಸಕ್ಕೆ ಪಾತ್ರೆ ಕಟ್ಟುವಾಗಲೂ ತನಗೆಂದು ಆಕೆ ತಾಟು ಹಾಕಿಕೊಂಡಿರಲಿಲ್ಲ. ಭಾರ ಯಾಕೆ, ಹೇಗೂ ನನ್ನ ತಾಟಿನಲ್ಲಿ ಉಣ್ಣುತ್ತೀ ಎಂದು ಶಂಕರೆಪ್ಪ ಹೇಳಿದ್ದ. ಅದು ಆಕೆಗೆ ಸರಿಯೆಂದೇ ಕಂಡಿತ್ತು.

ಬೆಳಗಾಗುತ್ತಲೇ ದಾರಿ ತೋರಿಸುವ ದೌಲತ್ ಸಿಂಗ್ ಬಂದ. ನಲವತ್ತು ದಾಟಿದ, ಮಾತು ಕಡಿಮೆ ಇರುವ ಮನುಷ್ಯ. ಊಟದ ಚೀಲ ನೋಡಿ, ಇದನ್ನು ಹೊರುವವರು ಯಾರು ಎಂದು ಹಿಂದಿಯಲ್ಲಿ ಕೇಳಿದ. ಮುತ್ತು ತಾನು ಹೊರುತ್ತೇನೆಂದು ಮುಂದೆ ಬಂದ. ಶಂಕರೆಪ್ಪ ಅವನನ್ನು ತಡೆದ. "ಇರಲಿ ಬಿಡೋ ಮುತ್ತು, ಆಕಿಗೆ ರೂಢಿ ಐತಿ." ಮುತ್ತು ಎರಡನೆಯ ಸಲ ಕೇಳಲಿಲ್ಲ. ಮಗಳು ಬಿಟ್ಟು ಹೋಗಿದ್ದ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಇಳಕಲ್ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಚೀಲವನ್ನು ಬೆನ್ನಿಗೇರಿಸಿ ಶೇವಂತೆವ್ವ ಹೊರಟಳು. ಶಂಕರೆಪ್ಪ ಸೀಟಿ ಊದಿದ. ಎಲ್ಲರೂ ನಕ್ಕರು.

ದಾರಿ ದೇವದಾರು ಮರಗಳ ನಡುವೆ ಏರುತ್ತಿತ್ತು. ಅಷ್ಟು ಎತ್ತರದ, ಅಷ್ಟು ನೇರ ಮರಗಳನ್ನು ಶೇವಂತೆವ್ವ ನೋಡಿರಲಿಲ್ಲ. ನೋಡಲು ನಿಲ್ಲುವ ಹಾಗಿರಲಿಲ್ಲ; ಪ್ರತಿ ತಿರುವಿಗೆ ಒಂದು ಕೆಲಸ ಬರುತ್ತಿತ್ತು. ಥರ್ಮಾಸ್ ಬಿಚ್ಚು. ನಿಂಬೆ ಕೊಯ್ಯಿ. ಸ್ವೆಟರ್ ಹಿಡಿ, ಸೆಖೆಯಾಯಿತು. ಸ್ವೆಟರ್ ಕೊಡು, ಚಳಿಯಾಯಿತು. ಶಂಕರೆಪ್ಪ ಅಂಗೈಯಲ್ಲಿ ತಂಬಾಕು ತಿಕ್ಕಿ ದವಡೆಗಿಟ್ಟು, ಸ್ವಲ್ಪ ದೂರ ನಡೆಯುವುದು, ನಿಲ್ಲುವುದು, ಉಗುಳುವುದು ಮಾಡುತ್ತಿದ್ದ. ಮರದ ನೆರಳಿನಲ್ಲಿ ಕರಗದೆ ಉಳಿದ ಹಿಮದ ಮೊದಲ ತುಣುಕು ಕಂಡಾಗ ಭುವನೇಶ್ವರಿ ಓಡಿಹೋಗಿ ಅದನ್ನು ಮುಟ್ಟಿದಳು. ಶೇವಂತೆವ್ವನೂ ಬಗ್ಗಿ ಕೈ ಚಾಚಿದಳು. ಹಿಂದಿನಿಂದ ಬಂದ ಶಂಕರೆಪ್ಪ ಅದರ ಮೇಲೆಯೇ ಉಗುಳಿದ. ಕಂದು ಬಣ್ಣ ಬಿಳುಪಿನೊಳಗೆ ನಿಧಾನವಾಗಿ ಇಳಿಯಿತು. ಅವನು ಬೇಕೆಂದು ಮಾಡಿದ್ದಲ್ಲ. ಎದುರಿಗೆ ಏನಿದೆ ಎಂದು ನೋಡಿ ಉಗುಳುವ ಅಭ್ಯಾಸವೇ ಅವನಿಗೆ ಇರಲಿಲ್ಲ, ಯಾರಾದರೂ ಒರೆಸುತ್ತಾರೆ.

ಗಂಡಸರಿಗೆ ಮೂತ್ರಕ್ಕೆ ಒತ್ತರವಾದರೆ ದಾರಿಯ ಬದಿಗೇ ತಿರುಗಿ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ಮುಂದೆ ನಡೆಯಿರಿ ಎಂದು ಸಿದ್ಧರಾಮ ಗಟ್ಟಿಯಾಗಿ ಹೇಳುತ್ತಿದ್ದ. ಅಷ್ಟು ಹೇಳಿದರೆ ಮರ್ಯಾದೆ ಮುಗಿಯಿತು. ಮರಗಳು ಗಿಡ್ಡವಾಗುತ್ತ, ಬಾಗುತ್ತ, ಕೊನೆಗೆ ಸೊಂಟದೆತ್ತರದ ಪೊದೆಗಳಾದಾಗ ದೌಲತ್ ಸಿಂಗ್ ನಿಂತು ಹೆಂಗಸರ ಕಡೆ ನೋಡದೆ ಹೇಳಿದ: ಇಲ್ಲಿಂದ ಮೇಲೆ ಮರೆ ಇಲ್ಲ. ಅವನು ಹೇಳಿದ್ದು ಶೇವಂತೆವ್ವನಿಗೆ ತಕ್ಷಣ ತಿಳಿಯಿತು. ಇಂಡಿಯ ಹಟ್ಟಿಯಲ್ಲಿ ನೆರೆಮನೆಯ ಮೋದಿನಸಾಬನ ಮಕ್ಕಳ ಜೊತೆ ಆಡಿ ಬೆಳೆದಿದ್ದರಿಂದ ಹಿಂದಿ ಆಕೆಗೆ ಅಷ್ಟಿಷ್ಟು ಬರುತ್ತಿತ್ತು. ಭುವನೇಶ್ವರಿಯನ್ನು ಕರೆದುಕೊಂಡು ಪೊದೆಗಳ ಹಿಂದೆ ಹೋದಳು. ಒಬ್ಬರು ಕುಳಿತಾಗ ಇನ್ನೊಬ್ಬರು ಶಾಲು ಹಿಡಿದು ನಿಂತರು. ಬೆಳಿಗ್ಗೆಯಿಂದ ತಡೆದುಕೊಂಡಿದ್ದೆ ಎಂದು ಭುವನೇಶ್ವರಿ ಹೇಳಿದಳು, ನೀರು ಕುಡಿಯಲೂ ಹೆದರಿಕೆಯಾಗಿತ್ತು ಎಂದಳು. ತಾನು ಬಾಗೇವಾಡಿಯಿಂದಲೇ ತಡೆದುಕೊಂಡಿದ್ದೇನೆ ಎಂದಳು ಶೇವಂತೆವ್ವ. ಇಬ್ಬರೂ ನಕ್ಕರು. ಅಷ್ಟು ಹೊತ್ತಿಗೆ ಸೀಟಿ ಕೇಳಿತು.

ಪೊದೆಗಳೂ ಮುಗಿದು ಬಯಲು ತೆರೆಯಿತು. ಹುಲ್ಲು, ಕಲ್ಲು, ಅಲ್ಲಲ್ಲಿ ಹಿಮ, ಅದರ ಕೆಳಗಿನಿಂದ ಹರಿದು ಬರುವ ಸಣ್ಣ ನೀರು. ಅಂಚಿನಲ್ಲಿ ಚಹಾ ಮಾರುವ ಒಂದು ಟೆಂಟು. ಅದರಾಚೆ ಬರೀ ಇಳಿಜಾರು, ಅದರ ತಲೆಯ ಮೇಲೆ ಕಲ್ಲಿನ ಏಣು, ಅದೇ ತುದಿ, ಏಣಿನ ಮೇಲೆ ಆಕಾಶ. ಮೊದಲು ಬಾಯಿ ತೆರೆದವನು ಸಿದ್ಧರಾಮ.

"ಗಿಡ ಇಲ್ಲದ್ದು ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನು ಮಾಸ್ತರ? ಸಿಂದಗಿ ರಸ್ತೆಕ ಹೋಗಿ ನಿಂತಿದ್ರ ಸಾಕಿತ್ತು."

ಶೇವಂತೆವ್ವನಿಗೂ ಅದು ಒಪ್ಪಿಗೆಯಾಯಿತು, ಬೇರೆ ಅರ್ಥದಲ್ಲಿ. ಕಣ್ಣಿಗೆ ಏನೂ ಅಡ್ಡ ಬರದ ನೆಲ ಆಕೆಗೆ ಗೊತ್ತಿದ್ದ ನೆಲ. ಆಕೆಯ ಕಾಲು ತಾವಾಗಿ ಉದ್ದ ಹೆಜ್ಜೆ ಹಾಕತೊಡಗಿದವು. ದೌಲತ್ ಸಿಂಗನ ಹಿಂದೆಯೇ ಆಕೆ, ಆಕೆಯ ಹಿಂದೆ ಬಹಳ ದೂರ ಬಿಟ್ಟು ಉಳಿದವರು.

ಹಾಗೆ ಹೋಗುವಾಗಲೇ ಕುರಿಗಳು ಎದುರಾದವು. ಮೇಲಿನಿಂದ ಒಂದು ದೊಡ್ಡ ಹಿಂಡು, ಹಿಂದೆ ಉಣ್ಣೆಯ ಅಂಗಿ ತೊಟ್ಟ ಇಬ್ಬರು, ಒಂದು ನಾಯಿ. ತೊಯ್ದ ಉಣ್ಣೆ, ಹಿಕ್ಕೆ, ಹಾಲಿನ ವಾಸನೆ ಒಟ್ಟಿಗೆ ಬಂದು ಬಡಿಯಿತು. ಶಂಕರೆಪ್ಪ ಮಫ್ಲರಿನಿಂದ ಮೂಗು ಮುಚ್ಚಿಕೊಂಡು ಛೀ ಎಂದು ಮುಖ ತಿರುಗಿಸಿದ. ಸಿದ್ಧರಾಮ ಕೆಳಗಿನಿಂದ ಕೂಗಿದ: "ವೈನಿ, ನಿಮ್ಮ ತವರುಮನಿಯವರು ಬಂದಾರ, ಮಾತಾಡಿಸ್ರಿ." ಶಂಕರೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಅಜ್ಜನೂ ಕುರಿ ಕಾದವನೇ. ನೌಕರಿ ಸಿಕ್ಕ ಮೇಲೆ ಅದು ಹೆಂಡತಿಯ ಕಡೆಯ ಮಾತಾಗಿತ್ತು.

ಶೇವಂತೆವ್ವ ಹಿಂಡಿನ ನಡುವೆ ನಿಂತುಬಿಟ್ಟಳು. ಕುರಿಗಳು ಆಕೆಯ ಎರಡೂ ಬದಿಗೆ ಸೀಳಿ ಹರಿದವು. ಒಂದರ ಬೆನ್ನಿನ ಮೇಲೆ ಕೈಯಿಟ್ಟಳು. ಕೈಗೆ ಜಿಡ್ಡು ಹತ್ತಿತು. ಕೈಯನ್ನು ಮೂಗಿನ ಹತ್ತಿರ ತಂದಳು. ಇದು ನಾತವಲ್ಲ ಎನಿಸಿತು. ಬೆಳಿಗ್ಗೆ ಒಲೆಯ ಮೇಲೆ ಕಾಲುಚೀಲಗಳು ತೂಗುಬಿದ್ದಿದ್ದವಲ್ಲ, ನಾತ ಅವುಗಳದ್ದು. ಇಷ್ಟು ದಿನ ಎರಡನ್ನೂ ಒಂದೇ ಎಂದು ಯಾಕೆ ಮೂಗಿಗೆ ಹೇಳಿಕೊಟ್ಟಿದ್ದೆ ಎಂದು ಯೋಚಿಸುತ್ತ ಮುಂದೆ ನಡೆದಳು.

ಏಣು ಇನ್ನು ಬಹಳ ದೂರವಿಲ್ಲ ಎನ್ನುವಲ್ಲಿ ಶಂಕರೆಪ್ಪ ಕುಳಿತುಬಿಟ್ಟ. ತಲೆ ಸಿಡಿಯುತ್ತಿದೆ, ಮೊದಲು ಉಣ್ಣೋಣ ಎಂದ. ನೀರಿನ ಬದಿಗೆ ಒಂದು ಚಪ್ಪಟೆ ಕಲ್ಲು ನೋಡಿ ಶೇವಂತೆವ್ವ ಚೀಲ ಬಿಚ್ಚಿದಳು. ನಾಲ್ಕು ತಾಟು ಇಟ್ಟಳು: ಗಂಡನಿಗೆ, ಸಿದ್ಧರಾಮನಿಗೆ, ಮುತ್ತುವಿಗೆ, ಭುವನೇಶ್ವರಿಗೆ. ದೌಲತ್ ಸಿಂಗ್ ತನ್ನ ಬುತ್ತಿ ತಂದಿದ್ದ. ದೂರ ಕುಳಿತು ತಿಂದು ತನ್ನ ಡಬ್ಬಿಯನ್ನು ತಾನೇ ತೊಳೆದು ಇಟ್ಟುಕೊಂಡ.

ರೊಟ್ಟಿಗಳು ಅರಿವೆಯೊಳಗೇ ಮುರಿದಿದ್ದವು. ಶಂಕರೆಪ್ಪ ಒಂದು ಚೂರನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಇದೇನು ರೊಟ್ಟಿನೋ ಹಪ್ಪಳಾನೋ? ನಮ್ಮಾಕಿ ಕೈ ಕೆಟ್ಟಾವು ನೋಡ್ರಿ."

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗಿರುವುದಿಲ್ಲ, ಅದಕ್ಕೇ ಹಿಟ್ಟಿಗೆ ಜಿಗಿ ಬಂದಿಲ್ಲ ಎಂದು ಮುತ್ತು ಪಾಠದ ಧ್ವನಿಯಲ್ಲಿ ವಿವರಿಸಿದ. ಶಂಕರೆಪ್ಪ ಗಮನವಿಟ್ಟು ಕೇಳಿ, ಹಾಗಾದರೆ ಇನ್ನಷ್ಟು ಹೊತ್ತು ಮೊದಲೇ ಎದ್ದು ಕುದಿಸಬೇಕಿತ್ತು ಎಂದು ತೀರ್ಪು ಕೊಟ್ಟ. ದವಡೆಯಲ್ಲಿದ್ದ ತಂಬಾಕನ್ನು ಬೆರಳಿನಿಂದ ಕೆದರಿ ತೆಗೆದು ತಾಟಿನ ಅಂಚಿಗೆ ಮೆತ್ತಿ ಉಣ್ಣಲು ತೊಡಗಿದ. ಮೊಸರು, ಜುಣಕ, ಹಿಂಡಿ ಕಲಸಿದ. ಬೆರಳ ಸಂದುಗಳಿಂದ ಮೊಸರು ಇಳಿಯಿತು. ಅದನ್ನು ಮೊಣಕೈವರೆಗೆ ನೆಕ್ಕಿದ. ಬೆಳ್ಳುಳ್ಳಿಯ ಸಿಪ್ಪೆ, ನಿಂಬೆಯ ಬೀಜ, ಹಲ್ಲಿಗೆ ಸಿಗದ ಮೆಣಸಿನಕಾಯಿಯ ತೊಟ್ಟು ಒಂದೊಂದಾಗಿ ತುಟಿಯಿಂದ ತಾಟಿಗೆ ಬಿದ್ದವು. ಶೇವಂತೆವ್ವ ಬಡಿಸುತ್ತ ನೋಡುತ್ತಿದ್ದಳು. ಮನೆಯಲ್ಲಿ ಅವನು ಉಣ್ಣುವಾಗ ಆಕೆ ಒಲೆಯ ಮುಂದೆ ಇರುತ್ತಾಳೆ, ಬೆನ್ನು ಅವನ ಕಡೆಗಿರುತ್ತದೆ. ಇಷ್ಟು ಬೆಳಕಿನಲ್ಲಿ, ಏನೂ ಅಡ್ಡವಿಲ್ಲದೆ, ಮೊದಲಿನಿಂದ ಕೊನೆಯವರೆಗೆ ಅವನ ಊಟವನ್ನು ಆಕೆ ನೋಡಿರಲೇ ಇಲ್ಲ.

ಉಂಡಾಯಿತು. ರೂಢಿಯಂತೆ ಅರ್ಧ ರೊಟ್ಟಿ, ಒಂದಿಷ್ಟು ಜುಣಕ ತಾಟಿನ ಒಂದು ಬದಿಗೆ ಉಳಿಸಿದ. ಕೈ ತೊಳೆಯಲು ನೀರಿನವರೆಗೆ ಏಳಬೇಕಿತ್ತು. ಅವನು ಏಳಲಿಲ್ಲ. ಥರ್ಮಾಸಿನ ನೀರು ಹಾಕು ಎಂದ. ಶೇವಂತೆವ್ವ ಬಗ್ಗಿ ನೀರು ಹಾಕಿದಳು. ಅವನು ತಾಟಿನ ಇನ್ನೊಂದು ಬದಿಗೆ ಬೆರಳು ತೊಳೆದ, ಬಾಯಿ ಮುಕ್ಕಳಿಸಿ ಅಲ್ಲಿಯೇ ಉಗಿದ. ಕಲ್ಲು ಸ್ವಲ್ಪ ವಾರೆಯಾಗಿತ್ತು. ಮೊಸರಿನ ಬಿಳಿ, ತಂಬಾಕಿನ ಕಂದು, ತೇಲುವ ಸಿಪ್ಪೆ ಎಲ್ಲವೂ ನಿಧಾನವಾಗಿ ಹರಿದು ಬಂದು ಅರ್ಧ ರೊಟ್ಟಿಯ ಕೆಳಗೆ ಸೇರಿಕೊಂಡವು. ರೊಟ್ಟಿ ಅದನ್ನು ಕುಡಿದು ಉಬ್ಬಿತು.

ಶಂಕರೆಪ್ಪ ತಾಟನ್ನು ಆಕೆಯ ಕಡೆಗೆ ದೂಡಿದ. "ಉಣ್ಣು. ತಡಾ ಮಾಡಬ್ಯಾಡ."

ಅವನಿಗೆ ಅದು ಕಂಡಿರಲಿಲ್ಲ. ಭುವನೇಶ್ವರಿಗೆ ಕಂಡಿತ್ತು. ಅವಳು ತಾಟನ್ನು ನೋಡಿದಳು, ಶೇವಂತೆವ್ವನ ಮುಖ ನೋಡಿದಳು, ಆಮೇಲೆ ಮೊಬೈಲ್ ತೆಗೆದು ಬೆಟ್ಟದ ಫೋಟೋ ಹಿಡಿಯತೊಡಗಿದಳು.

ಶೇವಂತೆವ್ವ ಹಸಿವಿಲ್ಲ ಎಂದಳು.

ದೌಲತ್ ಸಿಂಗ್ ಬಂದು ಶಂಕರೆಪ್ಪನ ಕಣ್ಣು, ತುಟಿ ನೋಡಿದ. ಹೆದರುವಂಥದ್ದೇನಿಲ್ಲ, ಆದರೆ ತಲೆನೋವು ಇದ್ದವರು ಮೇಲೆ ಬರಬಾರದು, ಕೆಳಗೆ ಟೆಂಟಿನಲ್ಲಿ ಕುಳಿತರೆ ತಾನಾಗಿ ಇಳಿಯುತ್ತದೆ ಎಂದ. ಟೆಂಟು ಅಲ್ಲಿಂದಲೇ ಕಾಣುತ್ತಿತ್ತು, ದಾರಿ ಸಲೀಸು. ಮೊಣಕಾಲು ನೋಯುತ್ತಿದೆ, ನಾನೂ ಮಾಸ್ತರರ ಜೊತೆ ಇಳಿಯುತ್ತೇನೆ ಎಂದು ಸಿದ್ಧರಾಮ ಎದ್ದ. ಅವನಿಗೆ ನೆಪ ಬೇಕಾಗಿತ್ತು. ಮುತ್ತು, ಭುವನೇಶ್ವರಿ ಬೂಟು ಬಿಗಿದುಕೊಂಡರು. ಶೇವಂತೆವ್ವನೂ ಎದ್ದು ನಿಂತಳು.

"ನೀ ಎಲ್ಲಿಗೆ?" ಎಂದ ಶಂಕರೆಪ್ಪ.

"ತುದಿತನ ಅಂದಿದ್ರಿ."

"ತುದಿಯಾಗ ಏನೈತಿ? ಕಲ್ಲೈತಿ. ನಮ್ಮ ಕಡೆ ಕಲ್ಲಿಗೆ ಬರ ಬಂದೈತೇನು? ನನ್ನ ತಲಿ ಸಿಡ್ಯಾಕತ್ತೈತಿ, ನಿನಗ ತುದಿ ಬೇಕಾಗೇತಿ." 

ಸಿದ್ಧರಾಮ ಸಮಾಧಾನ ಮಾಡುವವನಂತೆ ಹೇಳಿದ: "ಹೋಗ್ಲಿ ಬಿಡ್ರಿ ವೈನಿ. ಫೋಟೋ ತರ್ತಾರ, ನೋಡೂಣಂತ."

ತಾಟು ತೊಳೆದುಕೊಂಡು ಬಾ, ಬಂದು ಸ್ವಲ್ಪ ತಲೆ ಒತ್ತು, ಕಾಲು ಒತ್ತು ಎಂದು ಹೇಳಿ ಶಂಕರೆಪ್ಪ ಇಳಿಯತೊಡಗಿದ. ಅವನು ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಮುತ್ತು, ಭುವನೇಶ್ವರಿ ದೌಲತ್ ಸಿಂಗನ ಹಿಂದೆ ಏರತೊಡಗಿದರು. ನಾಲ್ಕು ಹೆಜ್ಜೆ ಹೋದ ಭುವನೇಶ್ವರಿ ತಿರುಗಿ ನಿಂತಳು. ಶೇವಂತೆವ್ವ ತಲೆಯೆತ್ತಿ ನೋಡಿದಳು.

"ಆಂಟಿ, ನಮ್ಮ ತಾಟೂ ಅಲ್ಲೇ ಅದಾವ್ರಿ," ಎಂದಳು ಭುವನೇಶ್ವರಿ.

ಶೇವಂತೆವ್ವ ಒಬ್ಬಳೇ ಉಳಿದಳು. ನಾಲ್ಕು ತಾಟುಗಳನ್ನು ಎತ್ತಿಕೊಂಡು ನೀರಿನ ಬದಿಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತಳು. ಕೈ ಅದ್ದಿದಳು. ಹಿಮದಡಿಯಿಂದ ಬರುವ ನೀರು ಎಲುಬಿನವರೆಗೆ ಕೊರೆಯಿತು. ಮೊದಲು ಗಂಡನ ತಾಟು. ಯಾವಾಗಲೂ ಅದೇ ಮೊದಲು. ರೊಟ್ಟಿ ಈಗ ಅಂಟಿನಂತಾಗಿತ್ತು. ಅದನ್ನು ತೆಗೆಯಲು ಬೆರಳು ಹಾಕಿದಾಗ ಕೆಳಗಿನಿಂದ ತಂಬಾಕಿನ ಗುಪ್ಪೆ ಮೇಲೆ ಬಂತು. ಹೊಟ್ಟೆಯೊಳಗಿನಿಂದ ಏನೋ ಹೊರಳಿ ಗಂಟಲಿಗೆ ಬಂದು ನಿಂತಿತು. ಎತ್ತರದ ಗಾಳಿ ತನಗೂ ಬಡಿಯಿತೇ ಎಂದು ಮೊದಲು ಗಾಬರಿಯಾದಳು. ಸೆರಗಿನ ಗಂಟು ಬಿಚ್ಚಿ ನಿಂಬೆ ಮೂಸಿದಳು. ತಲೆ ನೋಯುತ್ತಿರಲಿಲ್ಲ, ಉಸಿರು ಸರಿಯಾಗಿತ್ತು, ಕಾಲು ಗಟ್ಟಿಯಾಗಿದ್ದವು. ತಾಟಿನ ಕಡೆ ನೋಡಿದರೆ ಮತ್ತೆ ಗಂಟಲಿಗೆ ಬರುತ್ತಿತ್ತು, ಬೆಟ್ಟದ ಕಡೆ ನೋಡಿದರೆ ಇಳಿಯುತ್ತಿತ್ತು. ಎರಡು ಮೂರು ಸಲ ಹಾಗೆ ನೋಡಿ ನೋಡಿ ಖಾತ್ರಿ ಮಾಡಿಕೊಂಡಳು. ಇದು ಹೇಸಿಗೆ. ಶಂಕರೆಪ್ಪನಿಗೆ ಕುರಿ ಕಂಡಾಗ ಆಗುವಂಥದ್ದು, ಅವನ ತಾಯಿಯ ಕೋಣೆಯ ಬಾಗಿಲಲ್ಲಿ ಆಗುತ್ತಿದ್ದಂಥದ್ದು. ಮಸೂತಿಯ ಮನೆಯ ಮೊದಲ ದಿನವೇ ಆಗಬೇಕಾಗಿದ್ದದ್ದು. ಅಂದು ಹಸಿವಿಗೆ ನುಂಗಿದ್ದಳು, ಆಮೇಲೆ ದಿನವೂ ನುಂಗಿದ್ದಳು.

ಕೆಳಗಿನಿಂದ ಸೀಟಿ ಕೇಳಿತು.

ಆಕೆಯ ಕೈ ತಾನಾಗಿ ತಾಟಿನ ಕಡೆ ಹೋಯಿತು. ಅಷ್ಟು ವರ್ಷಗಳ ಕೈ ಅದು. ಕಂದು ನೀರಿನೊಳಗಿನಿಂದ ಕೊರೆದ ಅಕ್ಷರಗಳು ಅರ್ಧ ಕಾಣುತ್ತಿದ್ದವು. ಶೇವಂತೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಹರಿಯುವ ನೀರಿನಲ್ಲಿ ಬೆರಳುಗಳನ್ನು ಮಾತ್ರ, ಉಗುರಿನ ಸಂದು ಸಹ ಬಿಡದೆ, ತಿಕ್ಕಿ ತೊಳೆದಳು. ಎದ್ದು ಅರಿವೆಯ ಗಂಟು ಬಿಚ್ಚಿದಳು. ಅಡಿಯಲ್ಲಿ ಒಂದು ರೊಟ್ಟಿ ಮುರಿಯದೆ ಉಳಿದಿತ್ತು. ಅದನ್ನು ಅಂಗೈ ಮೇಲೆ ಹರವಿ, ಮೇಲೆ ಹಿಂಡಿ ಉದುರಿಸಿ, ನಿಂತೇ ತಿಂದಳು. ಅಂಚು ಬಿರಿದ ರೊಟ್ಟಿ. ಬಾಯಲ್ಲಿ ಒಣಗಿ ಪುಡಿಯಾಯಿತು. ಆದರೂ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ನೀರಿಗೆ ಬಗ್ಗಿ ಬೊಗಸೆಯಿಂದ ಕುಡಿದಳು. ಕೈ ಝಾಡಿಸಿದಳು.

ಮತ್ತೆ ಸೀಟಿ, ಈ ಸಲ ಉದ್ದಕ್ಕೆ.

ಶೇವಂತೆವ್ವ ಕೆಳಗೆ ನೋಡಿದಳು. ಟೆಂಟಿನ ಮುಂದೆ ಎರಡು ಆಕೃತಿಗಳು, ಒಂದು ಕೈಬೀಸುತ್ತಿತ್ತು. ಗುಳಿಗೆ ಅವನ ಕಿಸೆಯಲ್ಲಿದೆ. ಟೆಂಟಿನಲ್ಲಿ ಚಹಾ ಸಿಗುತ್ತದೆ. ಜೊತೆಗೆ ಸಿದ್ಧರಾಮ ಇದ್ದಾನೆ, ಅವನಿಗೂ ಎರಡು ಕೈಗಳಿವೆ. ಹೋಗದಿದ್ದರೆ ಸಂಜೆಗೆ ಏನಾಗುತ್ತದೆ ಎಂಬುದೂ ಆಕೆಗೆ ಗೊತ್ತಿತ್ತು: ಮಾತು ಬಿಡುತ್ತಾನೆ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಾನೆ, ಬಾಗೇವಾಡಿ ಮುಟ್ಟಿದ ಮೇಲೆ ಓಣಿಯವರ ಮುಂದೆ, ಮಗಳ ಮುಂದೆ, ಬೆಟ್ಟದಲ್ಲಿ ಬಿಟ್ಟು ಹೋದಳು ಎಂದು ವರ್ಷಗಟ್ಟಲೆ ಹೇಳುತ್ತಾನೆ. ಮೇಲೆ ನೋಡಿದಳು. ಮೂವರು ಇಳಿಜಾರಿನ ನಡುವೆ ಸಣ್ಣದಾಗಿ ಕಾಣುತ್ತಿದ್ದರು. ಭುವನೇಶ್ವರಿ ಮತ್ತೆ ಮತ್ತೆ ಕೂರುತ್ತಿದ್ದಳು. ಅವರನ್ನು ಹಿಡಿಯುವುದು ಕುರಿ ಕಾದ ಕಾಲಿಗೆ ಕಷ್ಟವಾಗಿರಲಿಲ್ಲ.

ನಾಲ್ಕು ತಾಟುಗಳನ್ನೂ ಹೇಗಿದ್ದವೋ ಹಾಗೆಯೇ, ತೊಳೆಯದೆ, ಒಂದರೊಳಗೊಂದು ಇಟ್ಟಳು. ಗಂಡನದು ಎಲ್ಲಕ್ಕಿಂತ ಮೇಲೆ. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಲ್ಲು ಹೇರಿ, ದಾರಿಯಲ್ಲಿ ಬರುವವರಿಗೆ ಕಾಣುವ ಹಾಗೆ ಚಪ್ಪಟೆ ಕಲ್ಲಿನ ಮೇಲೆ ಬಿಟ್ಟಳು. ಡಬ್ಬಿ, ಥರ್ಮಾಸು ತುಂಬಿದ ಚೀಲವನ್ನೂ ಅದರ ಪಕ್ಕಕ್ಕೆ ಇಟ್ಟಳು.

ಸೀಟಿ ಈಗ ತಡೆಯಿಲ್ಲದೆ ಕೇಳುತ್ತಿತ್ತು. ಶೇವಂತೆವ್ವ ಬಗ್ಗಿ ಬೂಟಿನ ದಾರ ಬಿಗಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಮೇಲಿನ ದಾರಿಗೆ ತಿರುಗಿದಳು.